ಒಡ್ಡಿನ ಒಳಗೆ ಮನೆ ಕೊಳ್ಳುವ ತಮ್ಮನಿಗೆ

ಅಣ್ಣಾ ಅಂತ ಕರೆದಿದ್ದೀಯ, ನಾನೂ ತಮ್ಮಾ ಅಂತಲೇ ಬರೆಯುತ್ತೇನೆ. ಟೆಕ್ಸಾಸಿನ ಫೋರ್ಟ್ ಬೆಂಡ್ ಕೌಂಟಿಯಲ್ಲಿ ಮನೆ ನೋಡಿದ್ದೀಯ. ನದಿ ದಂಡೆಗೆ ಒಡ್ಡು (ಲೆವಿ) ಇದೆ, ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ನಕ್ಷೆಯಲ್ಲಿ ಎಕ್ಸ್ ವಲಯ, ಅಂದರೆ ಪ್ರವಾಹದ ಅಪಾಯ ಕಡಿಮೆ ಅನ್ನುವ ಜಾಗ, ಪ್ರವಾಹ ವಿಮೆ ಬೇಡ ಅಂತ ಏಜೆಂಟ್ ಹೇಳಿದ್ದು ನಿಜವೇ ಅಂತ ಕೇಳಿದ್ದೀಯ. ಶಾಲೆ, ತೆರಿಗೆ, ಹಿತ್ತಲಿಗೆ ಮಣ್ಣು ತುಂಬಿಸುವುದರ ಬಗ್ಗೆಯೂ ಕೇಳಿದ್ದೀಯ.

ಶಾಲೆ ಚೆನ್ನಾಗಿದೆ. ತೆರಿಗೆ ಜಾಸ್ತಿ, ಒಡ್ಡು ನೋಡಿಕೊಳ್ಳುವ ಲೆವಿ ಡಿಸ್ಟ್ರಿಕ್ಟಿನದೂ ಅದರಲ್ಲೇ ಸೇರಿರುತ್ತದೆ. ಅದು ಅಷ್ಟೇ.

ಏಜೆಂಟ್ ಸುಳ್ಳು ಹೇಳಿಲ್ಲ. ಎಕ್ಸ್ ವಲಯದಲ್ಲಿ ಸಾಲಕ್ಕೆ ಈ ವಿಮೆ ಕಡ್ಡಾಯವಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಇದನ್ನೇ ಹೇಳಿದ್ದರು. ಆದರೆ ನಾನು ಮಲಪ್ರಭೆ ದಂಡೆಯವನು. 2009ರ ಪ್ರವಾಹದಲ್ಲಿ ನಮ್ಮ ಕಡೆ ಏನಾಯಿತು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ಸುಮ್ನೆ ದುಡ್ಡು ದಂಡ ಅಂತ ಹೆಂಡತಿ ಗೊಣಗಿದರೂ ವಿಮೆ ಮಾಡಿಸಿದೆ. ಅದರ ಜಂಬ ಈಗಲೂ ಸ್ವಲ್ಪ ಇದೆ.

2017ರ ಆಗಸ್ಟ್ ಕೊನೆಗೆ ಹಾರ್ವೆ ಚಂಡಮಾರುತ ಬಂತು. ರಿಚ್ಮಂಡ್ ಹತ್ತಿರ ಬ್ರಾಜೋಸ್ ನದಿ 55 ಅಡಿ ದಾಟಿತು, ಅದು ದಾಖಲೆ. ನಮ್ಮ ಒಡ್ಡು ಒಡೆಯಲಿಲ್ಲ. ಆದರೂ ಮನೆಯೊಳಗೆ ನೀರು ಬಂತು. ಬೇರೆ ದಿನಗಳಲ್ಲಿ ಬಡಾವಣೆಯ ಮಳೆನೀರು ಕಾಲುವೆಯಲ್ಲಿ ಹರಿದು, ಒಡ್ಡಿನ ಗೇಟ್ ದಾಟಿ ಹೊರಗೆ ಹೋಗುತ್ತದೆ. ನದಿ ಏರಿದಾಗ ಅದೇ ದಾರಿಯಲ್ಲಿ ನೀರು ಒಳನುಗ್ಗಬಾರದು ಅಂತ ಗೇಟ್ ಮುಚ್ಚುತ್ತಾರೆ. ಆಮೇಲೆ ಪಂಪುಗಳೇ ಗತಿ. ಪಂಪಿನ ಶಕ್ತಿ ಮೀರಿ ಮಳೆ ಸುರಿದರೆ ಇಡೀ ಬಡಾವಣೆ ತೂಬು ಮುಚ್ಚಿದ ಕೆರೆ.

ಎದುರು ಮನೆಯವರು ನಮ್ಮ ಊರ ಕಡೆಯವರೇ. ಮನೆಗೆ ವಿಮೆ ಇದೆಯಲ್ಲ ಅಂದುಕೊಂಡಿದ್ದರು. ಆ ಸಾಮಾನ್ಯ ವಿಮೆ ಪ್ರವಾಹಕ್ಕೆ ಬರುವುದಿಲ್ಲ. ಮಗಳ ಓದಿಗೆ ಇಟ್ಟಿದ್ದ ಹಣ ಗೋಡೆ, ನೆಲ ರಿಪೇರಿಗೆ ಹೋಯಿತು. ವಾರವಾರ ಒಟ್ಟಿಗೆ ಉಣ್ಣುತ್ತಿದ್ದೆವು. ಊಟಕ್ಕೆ ಕೂತಾಗ ಇನ್ನೊಬ್ಬರ ಸಾಲ, ವಿಮೆ ಕೇಳುವುದು ನಮ್ಮಲ್ಲಿ ರೂಢಿ ಇಲ್ಲ, ಅಲ್ವಾ? ಅದಕ್ಕೇ ನೀನು ಕೇಳಿದ್ದಕ್ಕಿಂತ ಜಾಸ್ತಿ ಬರೆಯುತ್ತಿದ್ದೇನೆ.

ಹಿತ್ತಲಿಗೆ ಮಣ್ಣು ತುಂಬಿಸುವ ವಿಷಯ: ಊರಿನ ಹಾಗೆ ಟ್ರ್ಯಾಕ್ಟರ್ ಹೇಳಿ ಹಾಕಿಸಿಬಿಡಬೇಡ. ನೀರು ಪಕ್ಕದವರ ಕಡೆ ತಿರುಗಿದರೆ ತಕರಾರು. ಮೊದಲು ಅನುಮತಿ ವಿಚಾರಿಸು.

ಎಕ್ಸ್ ವಲಯವೂ ಶಾಶ್ವತವಲ್ಲ. ಒಡ್ಡು ಸಾಕಷ್ಟು ಗಟ್ಟಿ ಅನ್ನುವ ಫೆಮಾ ಮಾನ್ಯತೆ ಹೋದರೆ ನಕ್ಷೆ ಬದಲಾಗುತ್ತದೆ. ಕ್ಯಾಲಿಫೋರ್ನಿಯದ ನಟೋಮಾಸ್‌ನಲ್ಲಿ 2008ರಲ್ಲಿ ಹೀಗೇ ನಕ್ಷೆ ಬದಲಾಗಿ, ಹೊಸ ಮನೆ ಕಟ್ಟುವುದು 2015ರವರೆಗೆ ಹೆಚ್ಚುಕಡಿಮೆ ನಿಂತೇಹೋಗಿತ್ತು.

ಸರ್ಕಾರಿ ವಿಮೆ ಕಟ್ಟಡಕ್ಕೆ 2,50,000 ಡಾಲರ್‌ವರೆಗೆ, ಸಾಮಾನಿಗೆ 1,00,000ದವರೆಗೆ. ಸಾಮಾನಿನದನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಸಾಲದ ಕಾಗದಕ್ಕೆ ಸಹಿ ಹಾಕುವಾಗಲೇ ಮಾಡಿಸು. ಆಮೇಲೆ ಅಂದರೆ ಸಾಮಾನ್ಯವಾಗಿ 30 ದಿನ ಕಾಯಬೇಕು, ಚಂಡಮಾರುತದ ಕಾಲ ಜೂನ್ 1ಕ್ಕೇ ಶುರು. ಅಪ್ಪ ಅಮ್ಮ ಮೇ ಕೊನೆಗೆ ಬರುತ್ತಾರೆ ಅಂದೆಯಲ್ಲ, ಅವರ ರೂಮ್ ಕೆಳಗಡೆಯೇ ತಾನೆ? ಬರುವಾಗ ನನಗೂ ಒಂದಿಷ್ಟು ಶೇಂಗಾ ಚಟ್ನಿ ತರಲು ಹೇಳು.