ಬಣ್ಣ ಹಚ್ಚದ ಪದಗಳನ್ನೂ ಓದಿ

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಸಗಟು ದಿನಸಿ ವ್ಯಾಪಾರ. ವಾಟ್ಸ್ಆ್ಯಪ್‌ನಲ್ಲಿ ದಿನಕ್ಕೆ ಸುಮಾರು 400 ಆರ್ಡರ್ ಬರುತ್ತವೆ. ಸಾಫ್ಟ್‌ವೇರ್ ಸಂದೇಶದಿಂದ ಗಿರಾಕಿಯ ಹೆಸರು, ಸರಕು, ಪ್ರಮಾಣ, ಊರು, ದಿನಾಂಕಗಳನ್ನು ಹೆಕ್ಕಿ, ಬಣ್ಣ ಹಚ್ಚಿ, ಪ್ರತಿಯೊಂದಕ್ಕೂ ನೂರರಲ್ಲಿ ಇಷ್ಟು ಎಂದು ಸ್ಕೋರ್ ಕೊಟ್ಟು ತೋರಿಸುತ್ತದೆ. ಸ್ಕೋರ್ 95 ದಾಟಿದ್ದನ್ನು ನೋಡದೆ ಒಪ್ಪಿದರೆ ಆಗುತ್ತದೆಯೇ?

ಆಗುವುದಿಲ್ಲ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ. 95 ಎಂದರೆ ನೂರರಲ್ಲಿ ತೊಂಬತ್ತೈದು ಸರಿ ಎಂದಲ್ಲ. ಅದು ಯಂತ್ರ ತನ್ನ ಊಹೆಗೆ ತಾನೇ ಕೊಟ್ಟುಕೊಂಡ ಅಂಕ. ‘ಬ್ಯಾಡಗಿ 5 ಚೀಲ ಗದಗಕ್ಕ ಕಳಸ್ರಿ’ ಎಂಬ ಸಾಲಿನಲ್ಲಿ ಬ್ಯಾಡಗಿ ಊರೆಂದು ಅದು 99 ಕೊಟ್ಟೀತು. ಹಾವೇರಿ ಜಿಲ್ಲೆಯಲ್ಲಿ ಆ ಊರು ಇರುವುದೂ ನಿಜ. ಆದರೆ ಇಲ್ಲಿ ಕೇಳಿರುವುದು ಮೆಣಸಿನಕಾಯಿ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹೆಕ್ಕಿದ್ದಕ್ಕೆ ಮಾತ್ರ ಸ್ಕೋರ್ ಇರುತ್ತದೆ, ಬಿಟ್ಟುಹೋದದ್ದಕ್ಕೆ ಯಾವ ಅಂಕವೂ ಇಲ್ಲ. ‘ಜೀರಗಿ 10 ಕೆಜಿ, ಕೊತ್ತಂಬರಿನೂ ಅಷ್ಟ ಹಾಕ್ರಿ’ ಎಂದು ಬಂದರೆ ಜೀರಿಗೆಗೆ ಬಣ್ಣ ಬೀಳುತ್ತದೆ, ಹತ್ತಕ್ಕೆ ಬೀಳುತ್ತದೆ. ಕೊತ್ತಂಬರಿಯ ಪಕ್ಕ ಅಂಕಿಯೇ ಇಲ್ಲದ್ದರಿಂದ ಅದು ಆರ್ಡರಿನಿಂದಲೇ ಜಾರುತ್ತದೆ. ಬಣ್ಣದ ಪದಗಳನ್ನಷ್ಟೇ ನೋಡುವವರ ಕಣ್ಣಿಗೆ ಈ ತಪ್ಪು ಯಾವತ್ತೂ ಬೀಳುವುದಿಲ್ಲ.

ಆದ್ದರಿಂದ ಮೊದಲು ಬಣ್ಣ ಕಾಣದಂತೆ ಮಾಡಿ ಸಂದೇಶವನ್ನು ಪೂರ್ತಿ ಓದಿ, ಎಷ್ಟು ಸರಕು ಕೇಳಿದ್ದಾರೆ ಎಂದು ನೀವೇ ಎಣಿಸಿ. ಆಮೇಲೆ ಯಂತ್ರದ ಪಟ್ಟಿ ತೆರೆಯಿರಿ. ಎಣಿಕೆ ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿ.

ನಂತರ ಪ್ರಮಾಣ. ‘ಒಂದೂವರೆ ಕ್ವಿಂಟಾಲ್’ ಎಂದರೆ 150 ಕೆಜಿ, ಯಂತ್ರ 100 ಎಂದು ಬರೆದಿರಬಹುದು. ‘ಚೀಲ’ವನ್ನು ಕಣ್ಣುಮುಚ್ಚಿ 25 ಕೆಜಿಗೆ ಬದಲಿಸುವ ನಿಯಮ ಹಾಕಿದ್ದರೆ ಇವತ್ತೇ ತೆಗೆಯಿರಿ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಜಿಎಸ್‌ಟಿ ಬಿದ್ದ ಮೇಲೆ 26 ಕೆಜಿ ಚೀಲಗಳೂ ಬಂದಿವೆ. ಚೀಲ ಚೀಲವಾಗಿಯೇ ಇರಲಿ, ತೂಕ ನಿಮ್ಮ ಸರಕಿನ ಪಟ್ಟಿಯಿಂದ ಬರಲಿ. ಕನ್ನಡ ಅಂಕಿಯಲ್ಲಿ ಬರೆಯುವವರು ಸೊನ್ನೆಯ ಜಾಗದಲ್ಲಿ ಅನುಸ್ವಾರ ಒತ್ತುವುದುಂಟು. ಎರಡೂ ನೋಡಲು ಒಂದೇ ರೀತಿ, ಆದರೆ ಯಂತ್ರಕ್ಕೆ ಬೇರೆ ಬೇರೆ. ಹಾಗೆ ಬರೆದ ಐವತ್ತು ಐದಾಗಿಬಿಡುತ್ತದೆ.

ದಿನಾಂಕದಲ್ಲಿ ಎಡವದವರನ್ನು ಕಾಣುವುದು ಕಷ್ಟ. ‘ನಾಳೆ’ಯನ್ನು ಸಂದೇಶ ಬಂದ ಹೊತ್ತಿನಿಂದ ಎಣಿಸಬೇಕು, ನೀವು ರಿವ್ಯೂಗೆ ಕುಳಿತ ಹೊತ್ತಿನಿಂದಲ್ಲ. ಸರ್ವರ್ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿದ್ದರೆ ಅದು ನಮಗಿಂತ ಐದೂವರೆ ಗಂಟೆ ಹಿಂದೆ. ಮಂಗಳವಾರ ಬೆಳಗಿನ ಜಾವ 4:30ಕ್ಕೆ ಬಂದ ಸಂದೇಶ ಅಲ್ಲಿ ಸೋಮವಾರ ರಾತ್ರಿ 11ರದ್ದು. ಅದರಲ್ಲಿ ‘ನಾಳೆ’ ಎಂದಿದ್ದರೆ ಬುಧವಾರದ ಸರಕು ಮಂಗಳವಾರಕ್ಕೆ ದಾಖಲಾಗುತ್ತದೆ. ಬೆಳಿಗ್ಗೆ 5ಕ್ಕೆ ನೀವೇ ಒಂದು ಸಂದೇಶ ಕಳಿಸಿ ಪರೀಕ್ಷಿಸಿ. ‘3/4’ ಕಂಡಾಗಲಂತೂ ಅಕ್ಕಪಕ್ಕದ ಪದ ನೋಡಲೇಬೇಕು. ಅದು ಏಪ್ರಿಲ್ 3 ಇರಬಹುದು, ಅಮೆರಿಕದ ಕ್ರಮದಲ್ಲಿ ಮಾರ್ಚ್ 4 ಆಗಿಬಿಡಬಹುದು, ಬರೀ ಮುಕ್ಕಾಲು ಕೆಜಿಯೂ ಇರಬಹುದು.

ವಿಭಕ್ತಿ ಪ್ರತ್ಯಯಗಳ ಬಗ್ಗೆ ಒಂದು ನಿಯಮ ಬರೆದಿಡಿ. ‘ಗದಗಿನಿಂದ’, ‘ಗದಗಕ್ಕೆ’ ಎರಡನ್ನೂ ‘ಗದಗ’ ಎಂದು ಕತ್ತರಿಸಿಟ್ಟರೆ ಲಾರಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದೇ ಅಳಿಸುತ್ತದೆ. ಸಂದೇಶದಲ್ಲಿದ್ದ ರೂಪ ಒಂದು ಕಾಲಂನಲ್ಲಿ, ಮೂಲ ಹೆಸರು ಇನ್ನೊಂದರಲ್ಲಿ, ದಿಕ್ಕು ಮೂರನೆಯದರಲ್ಲಿ ಇರಬೇಕು.

ಹಿಂದಿನ ಸಂದೇಶವನ್ನು ಉಲ್ಲೇಖಿಸಿ ‘5 ಅಲ್ಲ, 8 ಮಾಡ್ರಿ’ ಎಂದು ಬಂದರೆ ಯಂತ್ರ 13 ಚೀಲ ಕೂಡಿಸಿರುವ ಸಾಧ್ಯತೆ ಇದೆ. ಕಳಿಸಿದ 15 ನಿಮಿಷದೊಳಗೆ ವಾಟ್ಸ್ಆ್ಯಪ್ ಸಂದೇಶವನ್ನು ತಿದ್ದಬಹುದು, ಹಾಗಾಗಿ ಅಷ್ಟು ಹೊತ್ತು ಕಳೆಯದೆ ಯಾವ ಆರ್ಡರನ್ನೂ ಅಂತಿಮ ಮಾಡಬೇಡಿ.

ತಪ್ಪು ಸಿಕ್ಕಾಗ ಸುಮ್ಮನೆ ಅಳಿಸಿ ಮುಂದೆ ಹೋಗಬೇಡಿ. ಗಡಿ ತಪ್ಪಿತೇ (ಪದ ಅರ್ಧಕ್ಕೆ ಕತ್ತರಿಸಿತೇ, ಪಕ್ಕದ್ದೂ ಸೇರಿತೇ), ವರ್ಗ ತಪ್ಪಿತೇ (ಸರಕು ಊರಾಯಿತೇ), ಬಿಟ್ಟೇಹೋಯಿತೇ ಎಂದು ಗುರುತು ಹಾಕಿ. ಪರಿಹಾರ ಮೂರಕ್ಕೂ ಬೇರೆ. ಒಂದು ತಿಂಗಳು ಹೀಗೆ ನಡೆಸಿದ ಮೇಲೆ, ಎಲ್ಲ ಸ್ಕೋರ್‌ಗಳೂ 95 ದಾಟಿದ ಸಂದೇಶಗಳಲ್ಲಿ 300ನ್ನು ಚೀಟಿ ಎತ್ತಿದಂತೆ ಆರಿಸಿ ಪೂರ್ತಿ ಓದಿ. ಆರಿಸಬೇಕಾದದ್ದು ಸಂದೇಶಗಳನ್ನು, ಹೆಕ್ಕಿದ ಪದಗಳನ್ನಲ್ಲ. ಒಂದೂ ತಪ್ಪು ಸಿಗದಿದ್ದರೆ ತಪ್ಪಿನ ಪ್ರಮಾಣ ಶೇ. 1ಕ್ಕಿಂತ ಕಡಿಮೆ ಎಂದು ಶೇ. 95ರಷ್ಟು ಭರವಸೆಯಿಂದ ಹೇಳಬಹುದು. ಆ ಶೇ. 1 ಕೂಡ ನಿಮ್ಮಲ್ಲಿ ದಿನಕ್ಕೆ ನಾಲ್ಕು ಆರ್ಡರ್‌ವರೆಗೆ ಆಗಬಹುದು. ಆಗಲೂ ಊರು, ಹೆಸರುಗಳನ್ನು ಬೇಕಾದರೆ ಯಂತ್ರಕ್ಕೆ ಬಿಡಿ. ಪ್ರಮಾಣವನ್ನು ನಾನಂತೂ ಬಿಡುವುದಿಲ್ಲ.

ಪ್ರಶ್ನೆ: ಜಿಎಸ್‌ಟಿ ಸಂಖ್ಯೆಯನ್ನು ಒಂದೊಂದಾಗಿ ಕಣ್ಣಲ್ಲೇ ನೋಡಬೇಕೆ?

ಬೇಡ. 15 ಅಕ್ಷರ, ಮೊದಲೆರಡು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29), ಮುಂದಿನ 10 ಪ್ಯಾನ್, ಕೊನೆಯದು ಉಳಿದವು ಸರಿ ಇವೆಯೇ ಎಂದು ತಾಳೆ ನೋಡುವ ಅಕ್ಷರ. ಇದನ್ನು ಪ್ರೋಗ್ರಾಂ ಪರೀಕ್ಷಿಸಲಿ. ಆ ಸಂಖ್ಯೆ ಇದೇ ಗಿರಾಕಿಯದೇ ಎಂಬುದನ್ನು ಮಾತ್ರ ನೀವು ನೋಡಿ.

ಪ್ರಶ್ನೆ: ಒಂದೇ ಅಂಗಡಿ ನಮ್ಮ ಪಟ್ಟಿಯಲ್ಲಿ ಮೂರು ಸಲ ಇದೆ, ಅಕ್ಷರಗಳಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ.

‘ಮಂಜುನಾಥ್‌ಗೆ’ ಎಂಬಲ್ಲಿ ಥ್ ಮತ್ತು ಗೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕುಳಿತಿರುತ್ತದೆ. ‘ಗೆ’ ಕತ್ತರಿಸಿದ ಮೇಲೂ ಅದು ಹೆಸರಿನ ಕೊನೆಯಲ್ಲಿ ಉಳಿದುಬಿಡಬಹುದು. ಹೋಲಿಸುವ ಮೊದಲು ಅದನ್ನು ತೆಗೆಸಿ, ಯೂನಿಕೋಡ್ ರೂಪ (ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತ) ಏಕರೂಪ ಮಾಡಿಸಿ. ಹೆಸರು ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ಖಾತೆ ಸೇರಿಸಬೇಡಿ, ಮೊಬೈಲ್ ಸಂಖ್ಯೆಯೂ ತಾಳೆಯಾಗಲಿ.

ಪ್ರಶ್ನೆ: ಕನ್ನಡದಲ್ಲೂ ನೂರಕ್ಕೆ ನೂರು ನಿಖರ ಎಂದು ಮಾರಲು ಬಂದವರು ಹೇಳುತ್ತಾರೆ. ಕೊಳ್ಳಬಹುದೆ?

ಹಾಗೆ ಹೇಳುವವರಿಗೆ ಈ ಕೆಲಸ ಗೊತ್ತಿಲ್ಲ, ಇಲ್ಲವೇ ಸುಳ್ಳು ಹೇಳುತ್ತಿದ್ದಾರೆ. ಗಿರಾಕಿಗಳ ಹೆಸರು, ನಂಬರ್ ಅಳಿಸಿದ ನಿಮ್ಮದೇ 200 ಸಂದೇಶಗಳನ್ನು ನಿಮ್ಮ ಎದುರೇ ಓಡಿಸಿ ತೋರಿಸಲು ಹೇಳಿ.

ಪ್ರಶ್ನೆ: ಗಿರಾಕಿಗಳ ಸಂದೇಶಗಳನ್ನು ಉಚಿತ ಚಾಟ್‌ಬಾಟ್‌ಗೆ ಹಾಕಿ ತಪಾಸಣೆ ಮಾಡಿಸಬಹುದೆ?

ಖಂಡಿತ ಬೇಡ. ಅದರಲ್ಲಿ ಅವರ ಹೆಸರು, ಫೋನ್, ವಿಳಾಸ ಎಲ್ಲ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ ₹250 ಕೋಟಿವರೆಗೂ ಇದೆ.

ಪ್ರಶ್ನೆ: ರಿವ್ಯೂಗೆ ಒಬ್ಬರು ಸಾಕೇ?

ದಿನನಿತ್ಯಕ್ಕೆ ಸಾಕು. ವಾರಕ್ಕೊಮ್ಮೆ ಅದೇ 50 ಸಂದೇಶಗಳನ್ನು ಇನ್ನೊಬ್ಬರಿಗೂ ಕೊಡಿ, ಮೊದಲಿನವರ ಉತ್ತರ ತೋರಿಸಬೇಡಿ. ಇಬ್ಬರ ಉತ್ತರ ಹೊಂದದ ಕಡೆ ಯಾರನ್ನೂ ಬೈಯುವ ಮೊದಲು, ನಿಮ್ಮ ನಿಯಮದ ಹಾಳೆಯಲ್ಲಿ ಆ ಸಂದರ್ಭಕ್ಕೆ ಏನು ಬರೆದಿದೆ ಎಂದು ತೆಗೆದು ನೋಡಿ.