ಫೆಲಾಫೆಲ್ ನೋಡಿ ಹೆದರಿದವರಿಗೆ

ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಓದಲು ಹೊರಟಿದ್ದೀರಿ, ನಾಲ್ವರು ಹಂಚಿಕೊಂಡ ಮನೆಯಲ್ಲಿ ಕೋಣೆ ಸಿಕ್ಕಿದೆ, ಅಷ್ಟರಲ್ಲಿ ‘ಹಿ ಡೈಡ್ ವಿತ್ ಎ ಫೆಲಾಫೆಲ್ ಇನ್ ಹಿಸ್ ಹ್ಯಾಂಡ್’ ಸಿನಿಮಾ ನೋಡಿ ಅಮ್ಮನ ನಿದ್ದೆ ಹಾರಿಹೋಗಿದೆ. ಅಲ್ಲಿ ನಿಜಕ್ಕೂ ಹೀಗೆಯೇ ಎಂದು ಕೇಳಿದ್ದೀರಿ. ಅಮ್ಮನಿಗೆ ಅದನ್ನು ತೋರಿಸುವ ಬುದ್ಧಿ ಯಾಕೆ ಬಂತು ಮಾರಾಯರೇ?

2001ರ ಸಿನಿಮಾ. ನಾಯಕ ನೋವಾ ಟೇಲರ್ ಬ್ರಿಸ್ಬೇನ್, ಮೆಲ್ಬರ್ನ್, ಸಿಡ್ನಿ ಎಂದು ಮನೆ ಬದಲಿಸುತ್ತಲೇ ಇರುತ್ತಾನೆ. ಹೋದಲ್ಲೆಲ್ಲ ವಿಚಿತ್ರ ಜನ, ಬಾಕಿ ಬಾಡಿಗೆ. ಸತ್ತವನ ಕೈಯಲ್ಲಿ ಫೆಲಾಫೆಲ್, ಅಂದರೆ ಕಡಲೆಕಾಳಿನ ವಡೆ. ಸಿನಿಮಾದಲ್ಲಿರುವಂತೆ ಕಪ್ಪೆಗಳನ್ನೇ ಚೆಂಡಾಗಿಸಿ ಗಾಲ್ಫ್ ಆಡುವುದನ್ನು ನಾನು ಎಲ್ಲೂ ನೋಡಿಲ್ಲ. ಕಪ್ಪೆಗಳು ಮಾತ್ರ ನಿಜ. ಕಬ್ಬಿನ ದುಂಬಿಯನ್ನು ತಿನ್ನಲಿ ಎಂದು 1935ರಲ್ಲಿ ಹವಾಯಿಯಿಂದ ತಂದರು, ಅವು ದುಂಬಿಯ ಗೋಜಿಗೆ ಹೋಗದೆ ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯವನ್ನೇ ಆಕ್ರಮಿಸಿದವು.

ನನ್ನ ಮೊದಲ ಮನೆಯಲ್ಲಿ ಯಾರೂ ಸಾಯಲಿಲ್ಲ, ಒಗ್ಗರಣೆ ಒಂದು ದಿನ ಎಲ್ಲರನ್ನೂ ಕಂಗೆಡಿಸಿತು ಅಷ್ಟೆ. ಸಾಸಿವೆ ಸಿಡಿದು ಮೆಣಸಿನಕಾಯಿ ಕಪ್ಪಾಗುವ ಹೊತ್ತಿಗೆ ಚಾವಣಿಯ ಹೊಗೆ ಗಂಟೆ ಚೀರತೊಡಗಿತು. ನಾಲ್ವರೂ ಪಾಯಿಜಾಮದಲ್ಲಿ ರಸ್ತೆಗೆ ಬಂದು ನಿಂತೆವು. ಒಬ್ಬ ಮಾತ್ರ ತನ್ನ ಗಿಟಾರನ್ನೂ ತಂದಿದ್ದ. ಅಂದಿನಿಂದ ಬಾಗಿಲು, ಕಿಟಕಿ ತೆರೆದೇ ಒಗ್ಗರಣೆ ಹಾಕುತ್ತೇನೆ. ಆ ಗಿಟಾರಿನವನೇ ನನ್ನ ಚಟ್ನಿಪುಡಿಯನ್ನು ಬ್ರೆಡ್ಡಿನ ಬೆಣ್ಣೆಯ ಮೇಲೆ ಉದುರಿಸಿಕೊಂಡು ತಿಂದು, ಡಬ್ಬಿಯನ್ನು ಮಾತ್ರ ಚೆನ್ನಾಗಿ ತೊಳೆದು ಮತ್ತೆ ಕಪಾಟಿನಲ್ಲಿಟ್ಟ.

ಹೆದರಬೇಕಾದದ್ದು ಬೇರೆ: ಬಾಡಿಗೆ ಕರಾರಿನಲ್ಲಿ ಯಾರ ಹೆಸರಿದೆ? ಇಬ್ಬರ ಹೆಸರಿದ್ದರೆ ಒಬ್ಬ ಕಾಲ್ಕಿತ್ತರೂ ಪೂರ್ತಿ ಬಾಡಿಗೆ ಇನ್ನೊಬ್ಬನ ತಲೆಗೆ. ನಾನು ಹಾಗೆ ಆರು ವಾರ ಕಟ್ಟಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಸುಣ್ಣಬಣ್ಣಕ್ಕೆಂದು ಹಿಡಿದುಕೊಂಡ ಉಳಿಕೆಗೆ ಮಾಲೀಕರ ಬಾಗಿಲು ಕಾದವರಿಗೆ ಬ್ರಿಸ್ಬೇನಿನ ಠೇವಣಿ ಪದ್ಧತಿ ಹಿತವೆನಿಸುತ್ತದೆ. ಸಾಮಾನ್ಯವಾಗಿ ನಾಲ್ಕು ವಾರದ ಬಾಡಿಗೆ, ಅದೂ ಮಾಲೀಕರ ಜೇಬಿಗಲ್ಲ. ಹತ್ತು ದಿನದೊಳಗೆ ಸರ್ಕಾರದ ಬಾಡಿಗೆ ಪ್ರಾಧಿಕಾರದಲ್ಲಿ ಇಡಬೇಕು. ರಸೀದಿ ಬರದಿದ್ದರೆ ಕೇಳಿ, ನಾಚಿಕೆ ಬೇಡ. ಕೋಣೆಗೆ ಕಾಲಿಟ್ಟ ದಿನವೇ ಗೋಡೆಯ ಪ್ರತಿ ಗೀರಿನ ಫೋಟೊ ತೆಗೆದುಕೊಳ್ಳಿ.

ಈಗ ರಜೆಗೆಂದು ಮಲ್ಲೇಶ್ವರದಲ್ಲೇ ಇದ್ದೇನೆ, ಅಮ್ಮ ಬೇಕಿದ್ದರೆ ನನ್ನನ್ನು ಬಂದು ನೋಡಲಿ: ಇಷ್ಟು ವರ್ಷವಾದರೂ ಜೀವಂತ. ಚಟ್ನಿಪುಡಿ ಎರಡು ಡಬ್ಬಿ ಕಟ್ಟಿಕೊಡಲಿ, ಅಲ್ಲಿ ವಿಮಾನದಿಂದ ಇಳಿಯುವಾಗ ಪ್ರಯಾಣಿಕರು ತುಂಬುವ ಚೀಟಿಯಲ್ಲಿ ತಿನಿಸು ಇದೆ ಎಂದು ಬರೆಯಲು ಮರೆಯಬೇಡಿ. ಒಂದು ಡಬ್ಬಿ ಅಡುಗೆಮನೆಯ ಕಪಾಟಿಗೆ, ಇನ್ನೊಂದು ನಿಮ್ಮ ಮಂಚದ ಕೆಳಗೆ.