ಬ್ರಿಯೋಶ್‌ನೊಳಗಿನ ಬ್ರೀ

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ಬೆಣ್ಣೆ, ಮೊಟ್ಟೆ ಧಾರಾಳವಾಗಿ ಹಾಕಿ ಮಾಡುವ ಫ್ರೆಂಚ್ ಬ್ರೆಡ್ಡು ಬ್ರಿಯೋಶ್. ಮೊದಲು ಅದಕ್ಕೆ ಬ್ರೀ ಸೀಮೆಯ ಚೀಸ್ ಹಾಕುತ್ತಿದ್ದರಂತೆ, ಅದಕ್ಕೇ ಈ ಹೆಸರಂತೆ. ನಿಜವೇ? ಒಮ್ಮೆ ಮನೆಯಲ್ಲೇ ಮಾಡಬೇಕೆಂದಿದ್ದೇನೆ."

ಈ ಕಥೆ ಹಳೆಯದು. ಕಾದಂಬರಿಕಾರ ಅಲೆಕ್ಸಾಂಡರ್ ದ್ಯೂಮಾ ಅಡುಗೆಯ ಬಗ್ಗೆಯೂ ಬರೆದವನು, ಅವನೂ ಇದನ್ನೇ ಹೇಳಿದ್ದ. ಹಾಗಾಗಿ ನಿಮ್ಮನ್ನು ಬೈಯಲಾರೆ. ಒಪ್ಪಲೂ ಆರೆ.

ನೀವು ಹಿಡಿದ 'ಬ್ರೀ' ಸರಿಯಾಗಿಯೇ ಇದೆ. ಆದರೆ ಅದು ಚೀಸ್ ಅಲ್ಲ, ಮರದ ತುಂಡು! ಉತ್ತರ ಫ್ರಾನ್ಸಿನ ನಾರ್ಮಂಡಿ ಸೀಮೆಯಲ್ಲಿ ಗಟ್ಟಿ ಹಿಟ್ಟನ್ನು ಬಡಿದು ಹದ ಮಾಡುವ ಮರದ ಸಾಧನಕ್ಕೆ 'ಬ್ರೀ' ಎನ್ನುತ್ತಿದ್ದರು. ಆ ಕೆಲಸ 'ಬ್ರಿಯೇ', ಅಂದರೆ ಕುಟ್ಟು, ನಾದು. ಅದಕ್ಕೆ 'ಓಶ್' ಎಂಬ ಬಾಲ ಸೇರಿ ಬ್ರಿಯೋಶ್ ಆಯಿತು. 1404ರಷ್ಟು ಹಿಂದೆಯೇ ಈ ಪದ ಬರಹದಲ್ಲಿ ಸಿಗುತ್ತದೆ. ಅದೇ ಸೀಮೆಯ ಇನ್ನೊಂದು ಬ್ರೆಡ್ಡಿಗೆ ಇವತ್ತಿಗೂ 'ಪ್ಯಾಂ ಬ್ರಿಯೇ' ಎಂದೇ ಹೆಸರು. ಕುಟ್ಟಿದ ಬ್ರೆಡ್ಡು, ಅಷ್ಟೇ.

ಇದನ್ನು ಓದಿದಾಗ ನನಗೆ ಅಮ್ಮ ನೆನಪಾದಳು. ಹೋಳಿಗೆಯ ದಿನ ಕಣಕವನ್ನು ಒರಳಿಗೆ ಹಾಕಿ, ಎಣ್ಣೆ ಬಿಡುತ್ತಾ ಕುಟ್ಟುತ್ತಿದ್ದಳು. ಎಳೆದರೆ ರಬ್ಬರಿನ ಹಾಗೆ ಬರುವ ತನಕ ಬಿಡುತ್ತಿರಲಿಲ್ಲ. ಸಂಜೆಗೆ ಅವಳ ರಟ್ಟೆ ಎತ್ತಲಾಗುತ್ತಿರಲಿಲ್ಲ.

ಪದದ ಮೂಲ ಕೇಳಿದರೆ ನಮಗೆ ಯಾಕೋ ಊರು ಬೇಕು, ರಾಣಿ ಬೇಕು. ಹಿಟ್ಟು ಕುಟ್ಟಿದ ಕೈ ಕಣ್ಣಿಗೆ ಬೀಳುವುದೇ ಇಲ್ಲ. ರಾಣಿ ಅಂದಾಗ ಇನ್ನೊಂದು ಮಾತು. "ಬ್ರೆಡ್ ಇಲ್ಲದಿದ್ದರೆ ಕೇಕ್ ತಿನ್ನಲಿ" ಎಂದು ಫ್ರಾನ್ಸಿನ ರಾಣಿ ಮರಿ ಆಂತ್ವಾನೆತ್ ಹೇಳಿದಳು ಅಂತ ಎಷ್ಟು ಭಾಷಣಗಳಲ್ಲಿ ಕೇಳಿಲ್ಲ! ಈ ಮಾತನ್ನು ಹದಿನೆಂಟನೇ ಶತಮಾನದ ಚಿಂತಕ ರೂಸೋ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ, ಆದರೆ ಅಲ್ಲಿರುವುದು ಕೇಕ್ ಅಲ್ಲ, ಬ್ರಿಯೋಶ್. ಹೇಳಿದವಳು ಹೆಸರಿಲ್ಲದ ಒಬ್ಬ ರಾಜಕುಮಾರಿ. ಅವನು ಹೇಳುವ ಪ್ರಸಂಗ 1740ರ ಸುಮಾರಿನದು. ಮರಿ ಆಂತ್ವಾನೆತ್ ಹುಟ್ಟಿದ್ದೇ 1755ರಲ್ಲಿ. ಹುಟ್ಟದವಳ ಬಾಯಿಗೆ ಮಾತು ತುರುಕಿದೆವು, ಜೊತೆಗೆ ಬ್ರೆಡ್ಡನ್ನೂ ಕೇಕ್ ಮಾಡಿಬಿಟ್ಟೆವು. ಇಂಗ್ಲಿಷಿನಿಂದ ಕಣ್ಣುಮುಚ್ಚಿ ಇಳಿಸಿಕೊಂಡರೆ ಹೀಗೇ ಆಗುವುದು. ಕನ್ನಡಕ್ಕೆ ತರುವವರು ದಯವಿಟ್ಟು ಬ್ರಿಯೋಶ್ ಎಂದೇ ಬರೆಯಿರಿ.

ನೀವು ಮಾಡುವಾಗ ಬೆಣ್ಣೆಗೆ ಅವಸರ ಮಾಡಬೇಡಿ. ಮೊದಲು ಹಿಟ್ಟನ್ನು ಚೆನ್ನಾಗಿ ನಾದಿ. ಎಳೆ ಬಂದ ಮೇಲೆ ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಹೇಗೆ ಬಂತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂ.